ಮಂಗಳವಾರ, ಹದಿಮೂರನೇ ತಾರೀಖು

"ಮಂಗಳವಾರ ಹೋಗೋಣ," ಎಂದ ಅಜ್ಜ, ಮಾಟೆ ಸೊಪ್ಪಿನ ಕಷಾಯ ಹೀರಿದ ಸೋರೆಬುರುಡೆಯನ್ನು ಮೇಜಿನ ಮೇಲಿಡುತ್ತ.

ಬ್ರೆಡ್ಡು ಕೊಯ್ಯುತ್ತಿದ್ದ ಎಲ್ಬಾ ಅತ್ತೆಯ ಕೈ ನಿಂತಲ್ಲೇ ನಿಂತಿತು. ಅವಳ ಮಗ ದಾಮಿಯಾನ್ ಮೊಬೈಲಿನಿಂದ ತಲೆ ಎತ್ತಿದ. ಗೋಡೆಯ ಮೇಲೆ ಮಾಂಸದಂಗಡಿಯವನು ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು; ಇಬ್ಬರ ಕಣ್ಣೂ ಒಟ್ಟಿಗೇ ಅತ್ತ ಹೋದವು. ಒಲೆಯ ಬಳಿ ನೀರು ಕಾಯಿಸುತ್ತ ನಿಂತಿದ್ದ ಮೊಮ್ಮಗಳು ಒರ್ನೆಲಾ ಮಾತ್ರ ನೋಡಲಿಲ್ಲ. ಆಗಸ್ಟಿನ ಆ ಮಂಗಳವಾರ ಹದಿಮೂರನೇ ತಾರೀಖಿಗೆ ಬಿದ್ದಿದೆ ಎಂಬುದನ್ನು ಅವಳು ತಿಂಗಳು ಹುಟ್ಟಿದ ದಿನವೇ ನೋಡಿಟ್ಟುಕೊಂಡಿದ್ದಳು. ಅಂಥವೆಲ್ಲ ಅವಳ ಕಣ್ಣಿಗೇ ಮೊದಲು ಬೀಳುತ್ತಿದ್ದವು. ಮಂಗಳವಾರವೂ ಹದಿಮೂರೂ ಕೂಡಿ ಬಂದ ದಿನ ಬ್ಯೂನಸ್ ಐರಿಸ್‌ನಲ್ಲಿ ಬಾಡಿಗೆಯವರು ಮನೆ ಬದಲಿಸುವುದಿಲ್ಲ, ವ್ಯಾಪಾರದವರು ಹೊಸ ಅಂಗಡಿ ತೆರೆಯುವುದಿಲ್ಲ, ಅತ್ತೆಯಂಥವರು ಕೂದಲು ಕೂಡ ಕತ್ತರಿಸಿಕೊಳ್ಳುವುದಿಲ್ಲ.

"ಶನಿವಾರ ಅಂತ ಅಲ್ವಾ ಮಾತಾಗಿದ್ದು?" ಎಂದಳು ಅತ್ತೆ ಮೆಲ್ಲಗೆ.

ಮಾತಾಗಿದ್ದು ಹಾಗೆಯೇ. ಮುಂದಿನ ವಾರ, ಶುಕ್ರವಾರ, ಅಜ್ಜ ಅತಿಲಿಯೊಗೆ ಹೃದಯದ ಕವಾಟದ ಆಪರೇಷನ್ನು ನಿಗದಿಯಾಗಿತ್ತು. ಅದಕ್ಕೆ ಮೊದಲು ಒಂದು ಸಲ ಬೋಕಾ ತಂಡದ ಫುಟ್‌ಬಾಲ್ ಸ್ಟೇಡಿಯಂ ಬೊಂಬೊನೆರಾಕ್ಕೆ ಹೋಗಬೇಕು, ಅದರ ಕೆಳಗಿನ ಮ್ಯೂಸಿಯಂ ನೋಡಬೇಕು, ತಾನು ವರ್ಷಗಟ್ಟಲೆ ನಿಲ್ಲುತ್ತಿದ್ದ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂರಬೇಕು ಎಂದು ಅವನು ಹಟ ಹಿಡಿದಿದ್ದ. ಸ್ಟೇಡಿಯಂ ಮನೆಯಿಂದ ನಾಲ್ಕು ಬೀದಿ ಆಚೆ. ಆದರೂ ಹದಿನೈದು ವರ್ಷದಿಂದ ಅವನು ಆ ಕಡೆ ಕಾಲಿಟ್ಟಿರಲಿಲ್ಲ. ದಾಮಿಯಾನ್ ಎಲ್ಲ ಏರ್ಪಾಟು ಮಾಡಿದ್ದ: ಶನಿವಾರ ಬೆಳಗ್ಗೆ, ಅಜ್ಜ, ಅಮ್ಮ, ತಾನು, ಮೊದಲು ಮ್ಯೂಸಿಯಂ, ಆಮೇಲೆ ಮೇಲಿನ ಬಾಗಿಲಿಂದ ಒಳಗೆ ಹೋಗಿ ಮೈದಾನದ ಅಂಚಿಗೆ ಇಳಿಯುವುದು. ಒರ್ನೆಲಾ ಬರುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊಳೆತ ಮೆಟ್ಟಿಲು ಯಾವುದೆಂದು ಮನೆಯವರಿಗೆಲ್ಲ ಗೊತ್ತಿರುತ್ತದಲ್ಲ, ಅದನ್ನು ದಾಟಿ ಕಾಲಿಡುವಾಗ ಯಾರೂ ಮಾತಾಡುವುದಿಲ್ಲ.

"ಶನಿವಾರ ಬೇಡ. ಮಂಗಳವಾರ," ಎಂದ ಅಜ್ಜ. "ನೀವಿಬ್ಬರೂ ಬರೋದು ಬೇಡ. ಇವಳು ಬರ್ತಾಳೆ. ನಾವಿಬ್ಬರೇ ಹೋಗ್ತೀವಿ."

ಅವನ ಬೆರಳು ಒಲೆಯತ್ತ ತೋರಿಸುತ್ತಿತ್ತು. ಒರ್ನೆಲಾ ತಿರುಗಿದಳು, ಅವಳ ಕಣ್ಣು ಮೊದಲು ಹೋದದ್ದು ಮುಖಗಳ ಕಡೆಗಲ್ಲ, ಕೈಗಳ ಕಡೆಗೆ. ದಾಮಿಯಾನನ ಎಡಗೈ ಮೇಜಿನ ಕೆಳಗೆ ಪ್ಯಾಂಟಿನ ಎಡ ಜೇಬಿನೊಳಕ್ಕೆ ಇಳಿದಿತ್ತು. ಅತ್ತೆ ಸ್ವೆಟರ್ ಸರಿಮಾಡಿಕೊಳ್ಳುವವಳಂತೆ ಎಡ ಎದೆಯ ಮೇಲೆ ಎಡಗೈ ಇಟ್ಟುಕೊಂಡಿದ್ದಳು. ಕೆಟ್ಟದ್ದು ತಾಗದಿರಲಿ ಎಂದು ಆ ಊರಿನ ಗಂಡಸರು ಜೇಬಿನೊಳಗಿಂದ ಮುಟ್ಟಿಕೊಳ್ಳುವ ಜಾಗ ಒಂದು, ಹೆಂಗಸರದು ಇನ್ನೊಂದು. ಕೈ ಮಾತ್ರ ಇಬ್ಬರದೂ ಎಡಗೈಯೇ. ಅಜ್ಜನ ಎಡಗೈ ಸೋರೆಬುರುಡೆಯ ಮೇಲೇ ಇತ್ತು. ಅದು ಕದಲಿರಲಿಲ್ಲ.

ಒರ್ನೆಲಾ 'ಮೂಫಾ'. ಕಾಲ್ಗುಣ ಸರಿಯಿಲ್ಲದವಳು, ಕಾಲಿಟ್ಟ ಕಡೆ ಸೋಲು ತರುವವಳು ಎಂಬುದಕ್ಕೆಲ್ಲ ಸೇರಿ ಆ ಊರಿನಲ್ಲಿ ಇದೊಂದೇ ಮಾತು. ಆಟದ ದಿನ ಮೂಫಾ ಆದವರ ಹೆಸರನ್ನು ಯಾರೂ ಬಾಯಿಂದ ಆಡುವುದಿಲ್ಲ. "ಆ ಹೆಸರಿಲ್ಲದವಳಿಗೆ ಒಂದು ತುಂಡು ಪಿಜ್ಜಾ ಕೊಟ್ಟು ಮೇಲೆ ಕಳಿಸಮ್ಮಾ," ಎಂದು ದಾಮಿಯಾನ್ ತಮಾಷೆ ಮಾಡುತ್ತಿದ್ದ. ತಮಾಷೆಯೇ ಅದು, ಅವನಿಗೆ ಅವಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅವಳು ಟಿ.ವಿ. ಇದ್ದ ಕೋಣೆಗೆ ನೀರಿಗೆಂದು ಬಂದಾಗಲೇ ಎದುರಾಳಿಗಳು ಗೋಲು ಹೊಡೆದದ್ದು ಒಂದು ಸಲವಲ್ಲ, ಎರಡು ಸಲವಲ್ಲ. ಹಾಗಾಗಿ ಬೋಕಾ ತಂಡದ ಆಟವಿದ್ದಾಗಲೆಲ್ಲ ಅವಳು ತಾನಾಗಿಯೇ ಬಟ್ಟೆ ಒಣಗಿಸುವ ತಾರಸಿಗೆ ಹೋಗಿ ಕೂರುತ್ತಿದ್ದಳು. ಕೆಳಗೆ ಟಿ.ವಿ.ಗೆ ಚಿತ್ರ ಬರುವುದು ಕೆಲವು ಕ್ಷಣ ತಡ. ತಾರಸಿಗೆ ಸ್ಟೇಡಿಯಂನ ಸದ್ದು ನೇರವಾಗಿ ಬರುತ್ತಿತ್ತು. ಗೋಲಾದರೆ ಮನೆಯ ತಗಡಿನ ಗೋಡೆ ಝುಂ ಎನ್ನುತ್ತಿತ್ತು. ತಗಡು ಸುಮ್ಮನಿದ್ದು, ದೂರದಲ್ಲಿ ಗದ್ದಲ ಒಮ್ಮೆಗೇ ಬಾವಿಗೆ ಬಿದ್ದ ಹಾಗೆ ಅಡಗಿತೆಂದರೆ ಎದುರಾಳಿಗಳದು ಎಂದರ್ಥ. ಕೆಳಗಿನವರು ಇನ್ನೂ ಕೂಗಿ ಹುರಿದುಂಬಿಸುತ್ತಿರುವಾಗಲೇ ಅವಳಿಗೆ ಆಗಬೇಕಾದದ್ದು ಆಗಿಹೋಗಿದೆ ಎಂದು ಗೊತ್ತಿರುತ್ತಿತ್ತು. ಆ ಕೆಲವು ಕ್ಷಣ ಅವಳು ಒದ್ದೆ ಬಟ್ಟೆಗಳ ನಡುವೆ ಉಸಿರು ಬಿಗಿಹಿಡಿದು, ಕೆಳಗಿನ ಕೂಗು ನಿಲ್ಲುವುದನ್ನೇ ಕಾಯುತ್ತಿದ್ದಳು.

ಇದೆಲ್ಲಕ್ಕೂ ಮೊದಲು ಇದ್ದದ್ದು ಆ ಒಂದು ಭಾನುವಾರ. ಅವಳಿಗಾಗ ಒಂಬತ್ತು ವರ್ಷ. ಅಪ್ಪ, ಅಜ್ಜ ಸೇರಿ ಅವಳನ್ನು ಮೊದಲ ಸಲ ಸ್ಟೇಡಿಯಂಗೆ ಕರೆದೊಯ್ದಿದ್ದರು. ನಿಂತ ಜನರ ನಡುವೆ ಅವಳಿಗೆ ಏನೂ ಕಾಣದೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದ. ಅವನ ಕುತ್ತಿಗೆ ಬೆವೆತು ತಣ್ಣಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳನ್ನು ಇಳಿಸಿ, "ಭಾರ ಆಗಿಬಿಟ್ಟೆ ಕಣೇ," ಎಂದು ನಕ್ಕ. ಬೋಕಾ ಸೋತಿತು. ಮನೆಗೆ ಬರುವಾಗ ಬಸ್ ನಿಲ್ದಾಣದಲ್ಲಿ ಅಪ್ಪ ಕಂಬ ಹಿಡಿದು ನಿಂತ, ಆಮೇಲೆ ಕೂತ, ಆಮೇಲೆ ಏಳಲಿಲ್ಲ. ಆ ಮನೆತನದ ಗಂಡಸರ ಎದೆಯೇ ಅಂಥದ್ದು ಎಂದು ಡಾಕ್ಟರು ಹೇಳಿದ್ದರಂತೆ. ಹೇಳಿರಬಹುದು. ಅಪ್ಪ ನಗುತ್ತ ಆಡಿದ ಆ ಮಾತನ್ನು ಒರ್ನೆಲಾ ಯಾರಿಗೂ ಹೇಳಿರಲಿಲ್ಲ. ಇಂದಿಗೂ ತುಂಬಿದ ಬಸ್ಸಿನಲ್ಲಿ ಯಾರಾದರೂ ಅವಳಿಗೆ ಒರಗಿದರೆ ಅವಳೇ ಮೊದಲು ಕ್ಷಮೆ ಕೇಳುತ್ತಿದ್ದಳು.

ಅದಕ್ಕೇ ಅಜ್ಜನ ಬೆರಳು ತನ್ನತ್ತ ತಿರುಗಿದಾಗ ಅವಳಿಗೆ ಮೊದಲು ಆದದ್ದು ಭಯ. ಅದರ ಬೆನ್ನಿಗೇ, ನಾಚಿಕೊಂಡಂತೆ, ಇನ್ನೊಂದು ಬಂತು. ಅಜ್ಜ ನಂಬುವುದಿಲ್ಲ. ಇಷ್ಟು ವರ್ಷ ಇವರೆಲ್ಲರ ನಡುವೆ ಸುಮ್ಮನೆ ಕೂತಿದ್ದವನು ಒಂದು ದಿನಕ್ಕೂ ಇದನ್ನು ನಂಬಿರಲಿಲ್ಲ. ಅದನ್ನು ಎಲ್ಲರೆದುರು ತೋರಿಸಲೆಂದೇ ಮಂಗಳವಾರ ಹದಿಮೂರನ್ನು ಆರಿಸಿಕೊಂಡಿದ್ದಾನೆ.

ಮುಂದಿನ ದಿನಗಳು ಈ ಎರಡರ ನಡುವೆಯೇ ಹೋದವು. ಬೆಳಗ್ಗೆ ಎದ್ದಾಗ ಸಂತೋಷ, ಹಲ್ಲುಜ್ಜುವಷ್ಟರಲ್ಲಿ ಭಯ. ಪದವಿ ಮುಗಿದು ಕೆಲಸ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಅವಳಿಗೆ ಹೊತ್ತೇನೋ ಬೇಕಾದಷ್ಟಿತ್ತು. ಸ್ಟೇಡಿಯಂನ ಸುತ್ತ ನಡೆದು ಬಂದಳು. ಬಾಗಿಲ ತನಕ ಹೋಗದೆ, ರಸ್ತೆಯ ಈ ಬದಿಯಿಂದಲೇ. ಅಜ್ಜ ಮಧ್ಯೆ ಮಧ್ಯೆ ಕೂತು ದಣಿವಾರಿಸಿಕೊಳ್ಳಲು ಎಲ್ಲೆಲ್ಲಿ ಜಗಲಿ ಇದೆ, ಔಷಧದಂಗಡಿ ಎಲ್ಲಿ, ಆಂಬುಲೆನ್ಸ್ ಬರುವುದಾದರೆ ಯಾವ ಬೀದಿಯಿಂದ ಬರಬೇಕು ಎಂದು ನೋಡಿಕೊಂಡಳು. ತುಟಿ ನೀಲಿಗಟ್ಟಿದರೆ ನಾಲಿಗೆ ಕೆಳಗೆ ಇಡಬೇಕಾದ ಮಾತ್ರೆ ಯಾವುದೆಂದು ಅತ್ತೆಯನ್ನು ಕೇಳಿದಳು. ಅತ್ತೆ ಮಾತ್ರೆಯ ಡಬ್ಬಿಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಬೇಡ ಎಂದು ಹೇಳಲೂ ಆಗದೆ, ಹೋಗಿ ಬನ್ನಿ ಎನ್ನಲೂ ಆಗದೆ ಅವಳು ಆ ದಿನವೆಲ್ಲ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ನೀನೇ ಹುಷಾರಿಲ್ಲ ಅಂತ ಮಲಗಿಬಿಡೇ," ಎಂದ ದಾಮಿಯಾನ್ ಮೆಟ್ಟಿಲ ಬಳಿ ಅವಳನ್ನು ಅಡ್ಡಗಟ್ಟಿ. ಅವನು ತಮಾಷೆ ಮಾಡುತ್ತಿರಲಿಲ್ಲ. "ನೊನ್ನೊಗೆ ಬೇಜಾರಾಗುತ್ತೆ, ಆಗ್ಲಿ ಬಿಡು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನು ಈ ಮನೇಲಿ ಹೆಂಗೆ ಇರ್ತೀಯ?"

ಅಜ್ಜನನ್ನು ಹಳೆಯ ಇಟಲಿಯ ಮಾತಿನಲ್ಲಿ ಎಲ್ಲರೂ ನೊನ್ನೊ ಎನ್ನುತ್ತಿದ್ದರು. ದಾಮಿಯಾನ್ ಕೇಳಿದ್ದನ್ನು ಒರ್ನೆಲಾ ತನ್ನನ್ನೇ ಕೇಳಿಕೊಂಡು ಆಗಲೇ ಎರಡು ರಾತ್ರಿ ಕಳೆದಿದ್ದವು.

ಸೋಮವಾರ ಮಧ್ಯಾಹ್ನ ಅಜ್ಜ ತಾರಸಿಯ ಬಿಸಿಲಿನಲ್ಲಿ ಕೂತಿದ್ದ. ಅವಳು ಕಷಾಯ ತೆಗೆದುಕೊಂಡು ಹೋದಾಗ, ತೊಡೆಯ ಮೇಲೆ ಮಡಚಿಟ್ಟುಕೊಂಡಿದ್ದ ಬೂದು ಬಣ್ಣದ ಉಣ್ಣೆಯ ಪ್ಯಾಂಟನ್ನು ಅವಳತ್ತ ಚಾಚಿದ.

"ಇದರ ಜೇಬು ಕಿತ್ತು ಹೋಗಿದೆ ನೋಡು. ಎಡಗಡೇದು. ಹೊಲಿದುಕೊಡು, ನಾಳೆಗೆ ಬೇಕು."

ಅವಳು ಸೂಜಿ ದಾರ ತಂದಳು. ಬೂದು ದಾರ ಸಿಗದೆ ನೀಲಿಯದನ್ನು ತಂದಿದ್ದಳು. ಜೇಬನ್ನು ಒಳಮಗ್ಗುಲು ತಿರುಗಿಸಿ ನೋಡಿದಳು: ತಳ ಪೂರ್ತಿ ತೂತಾಗಿತ್ತು. ಅಜ್ಜ ಎಂದೂ ಎಡ ಜೇಬಿನಲ್ಲಿ ಏನೂ ಇಟ್ಟುಕೊಂಡವನಲ್ಲ; ಬೀಗದ ಕೈ, ಕರವಸ್ತ್ರ ಎಲ್ಲ ಬಲಗಡೆ. ಸೂಜಿಗೆ ದಾರ ಪೋಣಿಸುತ್ತಿದ್ದ ಅವಳ ಕೈ ನಿಧಾನವಾಯಿತು.

"ನೊನ್ನೊ, ನಾಳೆ ಈ ಜೇಬಲ್ಲಿ ಏನಿಡ್ತೀಯ?"

ಅಜ್ಜ ಎದುರಿನ ಮನೆಯ ಹಸಿರು ತಗಡನ್ನು ನೋಡುತ್ತಿದ್ದ. "ಕೈ," ಎಂದ.

ಹಗ್ಗದ ಮೇಲಿನ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀನೂ ನಂಬ್ತೀಯಾ ಹಾಗಾದ್ರೆ?"

"ನಂಬದೆ ಇರ್ತೀನಾ? ನಂಬೋದ್ರಿಂದ ತಾನೇ ನಿನ್ನ ಕರ್ಕೊಂಡು ಹೋಗ್ತಿರೋದು," ಎಂದ ಅಜ್ಜ, ಇಷ್ಟು ಸುಲಭದ ಲೆಕ್ಕ ಇವಳಿಗೆ ತಿಳಿಯಲಿಲ್ಲವಲ್ಲ ಎಂಬ ಧಾಟಿಯಲ್ಲಿ. "ಶುಕ್ರವಾರ ಆ ಡಾಕ್ಟ್ರು ನನ್ನ ಎದೆ ಸೀಳ್ತಾನೆ. ಎಳೆ ಹುಡುಗ, ಮೀಸೆ ಕೂಡ ಸರಿಯಾಗಿ ಬಂದಿಲ್ಲ. ಅವನ ಕೈ ಹೆಂಗಿದೆಯೋ ನನಗೇನು ಗೊತ್ತು? ಅದಕ್ಕೇ ಮೊದಲು ನಾನೇ ಒಂದು ಪರೀಕ್ಷೆ ಮಾಡ್ಕೊಂಡುಬಿಡ್ತೀನಿ. ಮಂಗಳವಾರ ಹದಿಮೂರು, ಆ ಜಾಗ, ಪಕ್ಕದಲ್ಲಿ ನೀನು. ಇಷ್ಟೂ ಒಟ್ಟಿಗೆ ಬಂದು, ಆಮೇಲೂ ನಾನು ಮನೆಗೆ ವಾಪಸ್ ಬಂದು ಸೂಪ್ ಕುಡಿದೆ ಅಂತಿಟ್ಕೋ. ಶುಕ್ರವಾರ ಯಾವನು ನನ್ನ ಏನು ಮಾಡ್ತಾನೆ?"

"ವಾಪಸ್ ಬರದಿದ್ರೆ?"

"ಬರದಿದ್ರೆ ಶುಕ್ರವಾರ ಬೆಳಗ್ಗೆ ಉಪವಾಸ ಇರೋದು ತಪ್ತು."

ಅವನು ನಕ್ಕ. ಅವಳು ನಗಲಿಲ್ಲ. ಎದೆಯೊಳಗೆ ಇಷ್ಟು ದಿನ ಯಾರಿಗೂ ಕಾಣದಂತೆ ಹಚ್ಚಿಟ್ಟುಕೊಂಡಿದ್ದ ಪುಟ್ಟ ದೀಪವನ್ನು ಯಾರೋ ಎರಡು ಬೆರಳಲ್ಲಿ ಚಿವುಟಿ ಆರಿಸಿದಂತಾಯಿತು. ಗುಂಡಿ ತಪ್ಪಿ ನಡೆಯುವವರಿಗಿಂತ, ಗುಂಡಿಗೆ ಇಳಿದು ಎಷ್ಟು ಆಳವಿದೆಯೆಂದು ನೋಡುತ್ತೇನೆ ಎನ್ನುವವನು ಅದನ್ನು ಹೆಚ್ಚು ನಂಬಿರುತ್ತಾನೆ. ಅವನು ವಾಪಸ್ ಬರದಿದ್ದರೆ ಅವಳ ಪಾಡೇನು ಎಂಬುದು ಅವನ ಪರೀಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಆಗುವುದಿಲ್ಲ, ದಾಮಿಯಾನನ ಜೊತೆ ಹೋಗು ಎಂದು ಹೇಳಬೇಕೆಂದು ಅವಳು ತಲೆಯೆತ್ತಿದಳು. ಅಜ್ಜನ ಕೈಯಲ್ಲಿದ್ದ ಸೋರೆಬುರುಡೆಯ ಲೋಹದ ನಳಿಗೆ ಅದರ ಅಂಚಿಗೆ ತಾಗಿ ಸಣ್ಣಗೆ ಟಕಟಕ ಎನ್ನುತ್ತಿತ್ತು. ಗಾಳಿಯಿಂದಲ್ಲ.

"ನಿದ್ದೇನೇ ಬರ್ತಿಲ್ಲ ಕೂಸೇ," ಎಂದ ಅವನು, ಇನ್ನೂ ಆ ಹಸಿರು ತಗಡನ್ನೇ ನೋಡುತ್ತ. "ಕಣ್ಣು ಮುಚ್ಚಿದ್ರೆ ನಿಮ್ಮಪ್ಪ ಆ ಕಂಬ ಹಿಡ್ಕೊಂಡು ನಿಂತಿರ್ತಾನೆ."

ಒರ್ನೆಲಾ ಮತ್ತೆ ತಲೆ ತಗ್ಗಿಸಿದಳು. ಜೇಬಿನ ತಳವನ್ನು ಎರಡು ಸುತ್ತು ಒತ್ತಾಗಿ ಹೊಲಿದು, ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

ಆ ಊರಿಗೆ ಆಗಸ್ಟ್ ಚಳಿಗಾಲ; ಮಂಗಳವಾರ ಚಳಿಯ ಜೊತೆ ಬಿಸಿಲೂ ಇತ್ತು. ಅತ್ತೆ ಬಾಗಿಲವರೆಗೆ ಬಂದು ಅಜ್ಜನ ಮಫ್ಲರ್ ಸುತ್ತಿದಳು, ಒರ್ನೆಲಾಳ ಕೆನ್ನೆಗೆ ಗಾಳಿಯಲ್ಲೇ ಒಂದು ಮುತ್ತು ಕೊಟ್ಟಳು. ಅಜ್ಜ ಬಲಗೈಯಲ್ಲಿ ಊರುಗೋಲು ಹಿಡಿದು, ಎಡಗೈಯನ್ನು ಹೊಸದಾಗಿ ಹೊಲಿದ ಜೇಬಿಗೆ ಇಳಿಸಿ ಹೊರಟ. ಅವಳು ಅವನ ಎಡಬದಿಗೆ ಒಂದು ಮಾರು ಬಿಟ್ಟು ನಡೆದಳು. ನೆರಳು ಅವನ ಕಾಲಿಗೆ ಸಿಕ್ಕದ ಹಾಗೆ ನೋಡಿಕೊಂಡಳು. ಕಾಫಿ ಅಂಗಡಿಯ ಮುಂದೆ ಕೂತ ಮುದುಕನೊಬ್ಬ, "ಏನ್ ಅತಿಲಿಯೊ, ಇವತ್ತೇ ಸಿಕ್ಕಿತಾ ದಿನ ನಿನಗೆ?" ಎಂದು ಕೇಳಿದ. "ನಿನ್ನ ಮುಖ ನೋಡಿದ್ಮೇಲೆ ಇನ್ನೇನು ಕೆಟ್ಟದಾಗುತ್ತೆ ಬಿಡು," ಎಂದು ಅಜ್ಜ ಮುಂದೆ ಸಾಗಿದ. ಮೂರು ಕಡೆ ಕೂತು ದಣಿವಾರಿಸಿಕೊಂಡ. ಮೂರು ಸಲವೂ ಅವಳು ಅವನ ತುಟಿ ನೋಡಿದಳು.

ಸ್ಟೇಡಿಯಂನ ಹೊಸ್ತಿಲಲ್ಲಿ ಅವನು ನಿಂತು, ಹೆಜ್ಜೆ ಬದಲಿಸಿ, ಬಲಗಾಲು ಮೊದಲಿಟ್ಟ. ಅವಳಿಗೂ ಹಾಗೆ ಮಾಡಬೇಕೆನಿಸಿತು. ಆದರೆ ತನ್ನ ಕಾಲಿನ ವಿಷಯದಲ್ಲಿ ಎಡವೇನು, ಬಲವೇನು.

ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ತಂಡ ಗೆದ್ದ ಕಪ್ಪುಗಳು, ಉಣ್ಣೆಯ ಹಳೆಯ ಅಂಗಿಗಳು, ಚರ್ಮದ ಹಗ್ಗ ಕಟ್ಟಿದ ಚೆಂಡುಗಳು. ಮದುವೆ ಮನೆಯಲ್ಲಿ ನೆಂಟರನ್ನು ಮಾತಾಡಿಸುವವನ ಹಾಗೆ ಅಜ್ಜ ಒಂದೊಂದರ ಮುಂದೆಯೂ ನಿಂತು ತಲೆ ಆಡಿಸಿದ. ಕೆಳಗೆ ಬರೆದದ್ದನ್ನು ಓದಲಿಲ್ಲ. ಓದುವ ಅಗತ್ಯ ಅವನಿಗಿರಲಿಲ್ಲ. ವಿದೇಶದ ಪ್ರವಾಸಿಗಳ ಗುಂಪೊಂದು ಅಲ್ಲಲ್ಲಿ ಫೋಟೊ ತೆಗೆಯುತ್ತಿತ್ತು. ಒರ್ನೆಲಾ ಕಪ್ಪುಗಳನ್ನು ನೋಡಲಿಲ್ಲ. ಗಾಜಿನಲ್ಲಿ ಬಿದ್ದ ಅಜ್ಜನ ಪ್ರತಿಬಿಂಬವನ್ನು, ಅದರಲ್ಲಿ ತುಟಿಯ ಬಣ್ಣವನ್ನು, ಕೋಟಿನ ಅಂಚಿನಲ್ಲಿ ಜೇಬಿಗಿಳಿದ ಮಣಿಕಟ್ಟನ್ನು ನೋಡಿದಳು. ಆ ಕೈ ಒಂದು ಸಲವೂ ಹೊರಗೆ ಬರಲಿಲ್ಲ. ಸೀನು ಬಂದಾಗಲೂ ಅವನು ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿ ಬಲಗೈಯಿಂದಲೇ ಕರವಸ್ತ್ರ ತೆಗೆದ.

ಗೈಡ್ ಹುಡುಗಿ ಎಲ್ಲರನ್ನೂ ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದು ಒಂದು ಬಾಗಿಲು ತೆರೆದಳು. ಬೆಳಕು ಒಮ್ಮೆಗೇ ಕಣ್ಣಿಗೆ ಹೊಡೆಯಿತು. ಬೊಂಬೊನೆರಾ, ಅಂದರೆ ಚಾಕಲೇಟು ಡಬ್ಬಿ, ಎಂದು ಯಾರು ಹೆಸರಿಟ್ಟರೋ, ಒರ್ನೆಲಾಳಿಗೆ ಅದು ಬಾವಿಯಂತೆ ಕಂಡಿತು: ನೆಟ್ಟಗೆ ನಿಂತ ಗೋಡೆಗಳ ಹಾಗೆ ಸುತ್ತಲೂ ಮೆಟ್ಟಿಲು, ತಳದಲ್ಲಿ ಒಂದು ತುಂಡು ಹಸಿರು. ತಾರಸಿಯಲ್ಲಿ ಕೂತು ಕೇಳುತ್ತಿದ್ದ ಆ ಅಡಗಿದ ಗದ್ದಲ ಇಲ್ಲಿಯೇ ಬಂದು ಬೀಳುತ್ತಿದ್ದದ್ದು.

ಅಜ್ಜ ಕೆಲವು ಮೆಟ್ಟಿಲಿಳಿದು ಕಬ್ಬಿಣದ ಅಡ್ಡಕಂಬಿಯೊಂದರ ಬಳಿ ನಿಂತ. ಅದನ್ನು ಊರುಗೋಲಿನಿಂದ ಎರಡು ಸಲ ತಟ್ಟಿದ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದ. ಅವಳು ಎರಡು ಮೆಟ್ಟಿಲು ಮೇಲೆ ನಿಂತಳು. ಇದೇ ಜಾಗ. ಅಪ್ಪನ ಹೆಗಲಿನಿಂದ ನೋಡಿದಾಗ ಎದುರಿನ ಮಾಳಿಗೆಯ ಮೂಲೆಯಲ್ಲಿ ಒಂದು ಗಡಿಯಾರ ಕಾಣುತ್ತಿತ್ತು. ಈಗ ಅದು ಇರಲಿಲ್ಲ, ಅಥವಾ ಅವಳ ನೆನಪು ತಪ್ಪಿತ್ತು.

ಅಜ್ಜನ ತಲೆ ಎದೆಯತ್ತ ಬಾಗಿತು. ಎಡಗೈ ಜೇಬಿನಿಂದ ಹೊರಬಂದು, ನಿಧಾನವಾಗಿ ಮೇಲೇರಿ, ಕೋಟಿನ ಎಡಭಾಗವನ್ನು ಒತ್ತಿ ಹಿಡಿಯಿತು. ತುಟಿ ನೀಲಿಯೋ, ಚಳಿಗೆ ಹಾಗಾದದ್ದೋ, ಮೇಲಿನಿಂದ ಅವಳಿಗೆ ತಿಳಿಯಲಿಲ್ಲ. ಮಾತ್ರೆಯ ಡಬ್ಬಿ ಅವಳ ಮುಷ್ಟಿಯಲ್ಲೇ ಇತ್ತು. ಓಡಿ ಹೋಗಿ ಅವನ ಬಾಯಿ ತೆರೆಸಬೇಕು. ಆದರೆ ಕಾಲು ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಹೋಯಿತು. ದೂರ ಹೋದರೆ ಸರಿಹೋಗುತ್ತಾನೆ. ಯಾವಾಗಲೂ ಹಾಗೇ ತಾನೇ ಆಗಿದ್ದು, ತಾನು ಮೇಲೆ ಹೋಗಿ ಕೂತ ಮೇಲಲ್ಲವೇ ಕೆಳಗೆ ಎಲ್ಲ ಸರಿಹೋಗುತ್ತಿದ್ದದ್ದು. ಅವಳು ಅವನಿಗೆ ಬೆನ್ನು ಮಾಡಿ ಒಂದು ಮೆಟ್ಟಿಲು ಹತ್ತಿದಳು, ಇನ್ನೊಂದು ಹತ್ತಿದಳು.

"ಎಲ್ಲಿಗೆ ಹೊರಟೆ?"

ಅವಳು ತಿರುಗಿದಳು. ಅಜ್ಜ ಕಣ್ಣು ತೆರೆದು ಅವಳತ್ತ ತಿರುಗಿದ್ದ. ಮುಖ ಬೂದಿಯ ಬಣ್ಣಕ್ಕಿತ್ತು, ಉಸಿರು ಮೇಲಿಂದ ಮೇಲೆ ಬರುತ್ತಿತ್ತು. ಕೈ ಇನ್ನೂ ಕೋಟಿನ ಮೇಲೇ ಇತ್ತು.

"ಸ್ವಲ್ಪ ಮೇಲಕ್ಕೆ," ಎಂದಳು.

ಅಜ್ಜ ಅವಳನ್ನು ಬಹಳ ಹೊತ್ತು ನೋಡಿದ. ಹದಿನೈದು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ಅವಳಿಗೆ ನೆನಪಿರಲಿಲ್ಲ.

"ಇಲ್ಲಿ ತಾರಸಿ ಇಲ್ಲ," ಎಂದ.

ಕೆಳಗಿನಿಂದ ಗೈಡ್ ಹುಡುಗಿ ಕೈ ಬೀಸಿ ಕರೆಯುತ್ತಿದ್ದಳು. ಹೊರಹೋಗುವ ಬಾಗಿಲು ಮೈದಾನದ ಅಂಚಿನಲ್ಲಿತ್ತು. ಪ್ರವಾಸಿಗಳು ಆಗಲೇ ಇಳಿದಾಗಿತ್ತು. ಮೆಟ್ಟಿಲು ಕಡಿದಾಗಿದ್ದವು, ಅಡ್ಡಕಂಬಿ ದಾಟಿದ ಮೇಲೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಜ್ಜ ಊರುಗೋಲನ್ನು ಊರಿ ಏಳಲು ನೋಡಿದ, ಆಗಲಿಲ್ಲ. ಇನ್ನೊಮ್ಮೆ ನೋಡಿದ. ಆಮೇಲೆ ಎಡಗೈಯನ್ನು ಕೋಟಿನಿಂದ ತೆಗೆದು ಹಿಂದಕ್ಕೆ, ಅವಳಿದ್ದ ಕಡೆಗೆ ಚಾಚಿದ.

"ಒರ್ನೆಲಾ," ಎಂದ. ಖಾಲಿ ಮೆಟ್ಟಿಲುಗಳ ನಡುವೆ ಆ ಹೆಸರು ದೊಡ್ಡದಾಗಿ ಕೇಳಿಸಿತು. "ಬಾ ಇಲ್ಲಿ. ಮುಂದೆ ನಿಂತ್ಕೋ."

ಅವಳು ಇಳಿದು ಬಂದಳು. ಅವನ ಬೆರಳಿನ ಉಗುರಿಗೆ ನೀಲಿ ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು. ಮಾತ್ರೆಯನ್ನು ಅವನ ನಾಲಿಗೆಯ ಕೆಳಗಿಟ್ಟಳು. ಅವನು ಮರುಮಾತಿಲ್ಲದೆ ಬಾಯಿ ತೆರೆದ. ಅವಳು ಆ ಕೈ ಹಿಡಿದು ಎಬ್ಬಿಸಿ, ಒಂದು ಮೆಟ್ಟಿಲು ಕೆಳಗಿಳಿದು ಅವನಿಗೆ ಬೆನ್ನು ಮಾಡಿ ನಿಂತಳು. ಎಡಗೈ ಅವಳ ಹೆಗಲ ಮೇಲೆ ಬಂತು, ತಡಕಾಡಿತು, ಕುತ್ತಿಗೆಯ ಬುಡದಲ್ಲಿ ನಿಂತಿತು. ಆಮೇಲೆ ಅಜ್ಜನ ಮೈಭಾರವೆಲ್ಲ ಅದರ ಹಿಂದೆ ಬಂತು.

ಮೈದಾನದ ಅಂಚು ಇನ್ನೂ ದೂರವಿತ್ತು. ಅವಳು ಒಂದು ಕಾಲು ಕೆಳಗಿಟ್ಟು, ಬೆನ್ನ ಹಿಂದೆ ಊರುಗೋಲು ಮೆಟ್ಟಿಲಿಗೆ ತಾಗುವ ಸದ್ದಿಗಾಗಿ ಕಾದಳು.